ಚೀನಾದ ಸಣ್ಣ ಊರಿನ ಫ್ರೆಂಚ್ ರೆಸ್ಟೊರೆಂಟಿನಲ್ಲಿ ಸಸ್ಯಾಹಾರಿಗೆ ಊಟ ಸಿಗುತ್ತಾ?

ನೀವು ಕೇಳಿರುವುದು ಇಷ್ಟು: ಕಂಪನಿ ಕೆಲಸದ ಮೇಲೆ ಚೀನಾದ ಸಣ್ಣ ಊರೊಂದಕ್ಕೆ ಹೋಗುತ್ತಿದ್ದೀರಿ. ಅಲ್ಲಿನವರು ಮೊದಲ ವಾರವೇ ಫ್ರೆಂಚ್ ರೆಸ್ಟೊರೆಂಟಿಗೆ ಊಟಕ್ಕೆ ಕರೆದಿದ್ದಾರೆ. ನೀವು ಮೊಟ್ಟೆ ತಿನ್ನುವ ಸಸ್ಯಾಹಾರಿ. ಅಲ್ಲಿ ಹೊಟ್ಟೆ ತುಂಬುತ್ತಾ, ಹೇಗೆ ನಡೆದುಕೊಳ್ಳಬೇಕು?

ಹೊಟ್ಟೆ ತುಂಬುತ್ತೆ. ಆದರೆ ಮೆನು ನಂಬಿಕೊಂಡರೆ ಅಲ್ಲ, ಅಡುಗೆಮನೆಗೆ ಮೊದಲೇ ಹೇಳಿಸಿದರೆ.

ನಾನು ಇದ್ದದ್ದು ಜೆಜಿಯಾಂಗ್ ಪ್ರಾಂತ್ಯದ ಚ್ಯೂಝೌನಲ್ಲಿ. ಹಾಂಗ್‌ಝೌನಿಂದ ಬುಲೆಟ್ ಟ್ರೈನಿನಲ್ಲಿ ಸುಮಾರು ಒಂದು ಗಂಟೆ. ಕೆಮಿಕಲ್ ಕಾರ್ಖಾನೆಗಳಿರುವ ಊರು, ನಾನು ಹೋದದ್ದೂ ಆ ಕೆಲಸಕ್ಕೇ. ಚೀನಾದವರು ಸಣ್ಣ ಊರು ಅಂದರೆ ಹಾಗೇ ನಂಬಬೇಡಿ, ಸುತ್ತಲಿನ ತಾಲ್ಲೂಕುಗಳನ್ನೂ ಸೇರಿಸಿದರೆ ಜನಸಂಖ್ಯೆ 20 ಲಕ್ಷ ದಾಟುತ್ತೆ. ಹೊರದೇಶದವರು ಮಾತ್ರ ಬೆರಳೆಣಿಕೆಯಷ್ಟು. ನಾನು ಕೋಳಿ, ಮೀನು ತಿನ್ನುತ್ತೇನೆ. ಹೆಂಡತಿ ನಿಮ್ಮ ಹಾಗೆಯೇ, ಮೊಟ್ಟೆಯವರೆಗೆ ಮಾತ್ರ. ಹಾಗಾಗಿ ಎರಡೂ ಕಡೆಯ ಪಾಡು ಗೊತ್ತು.

ಮೊದಲು ಜಾಗ ಎಂಥದ್ದು ಅಂತ ತಿಳಿದುಕೊಳ್ಳಿ. ಅಲ್ಲಿ ಫ್ರೆಂಚರು ಯಾರೂ ಇರುವುದಿಲ್ಲ. ಮಾಲೀಕರು, ಅಡುಗೆಯವರು, ಗಿರಾಕಿಗಳು ಎಲ್ಲರೂ ಚೀನಾದವರೇ. ಬರುವವರಲ್ಲಿ ಹೆಚ್ಚಿನವರು ಪ್ರೇಮಿಗಳು, ಹುಟ್ಟುಹಬ್ಬ ಮಾಡುವವರು, ಫೋಟೋ ತೆಗೆಸಿಕೊಳ್ಳಲು ಚೆನ್ನಾಗಿ ಡ್ರೆಸ್ ಮಾಡಿಕೊಂಡು ಬಂದ ಹುಡುಗಿಯರ ಗುಂಪು. ಮೇ 20ರಂದು ಟೇಬಲ್ ಸಿಗುವುದು ಕಷ್ಟ. ಆ ತಾರೀಖಿನ ಅಂಕಿಗಳನ್ನು ಚೀನೀ ಭಾಷೆಯಲ್ಲಿ ಓದಿದರೆ ಪ್ರೀತಿ ಹೇಳಿಕೊಂಡ ಹಾಗೆ ಕೇಳಿಸುತ್ತಂತೆ, ಅದಕ್ಕೆ ಊರಿಗೆ ಊರೇ ಹೂವು ಹಿಡಿದುಕೊಂಡು ಓಡಾಡುತ್ತೆ. ಇಬ್ಬರ ಸೆಟ್ ಮೆನು ನಮ್ಮೂರಿನಲ್ಲಿ 300–400 ಯುವಾನ್‌ನಿಂದ ಶುರುವಾಗುತ್ತಿತ್ತು. ದ್ಯಾನ್‌ಪಿಂಗ್ ಅಥವಾ ಮೇಯ್‌ತ್ವಾನ್ ಆ್ಯಪಿನಲ್ಲಿ ಮೊದಲೇ ಕೂಪನ್ ಕೊಂಡರೆ ಇನ್ನೂ ಕಡಿಮೆ. ಅಲ್ಲಿ ಮೆನುವಿನ ಬೆಲೆ ಪೂರ್ತಿ ಕೊಡುವವರು ನನ್ನಂಥ ಹೊರಗಿನವರು ಮಾತ್ರ.

ಊಟವೂ ಚೀನೀ ಊಟದ ಲಯದಲ್ಲೇ ನಡೆಯುತ್ತೆ. ಸಂಜೆ ಆರಕ್ಕೆ ಕೂರುತ್ತಾರೆ, ಎಂಟೂವರೆಗೆ ಅಡುಗೆಮನೆಯವರು ಪಾತ್ರೆ ತೊಳೆಯುತ್ತಿರುತ್ತಾರೆ. ಕೂತ ತಕ್ಷಣ ಬಿಸಿನೀರು. ಸೂಪು, ಸಲಾಡು, ಮುಖ್ಯ ತಿನಿಸು ಅಂತ ಒಂದಾದ ಮೇಲೊಂದು ಬರಬೇಕು ಅಲ್ವಾ? ಯಾವುದು ಮೊದಲು ರೆಡಿಯಾಯಿತೋ ಅದು ಬರುತ್ತೆ. ಬಂದದ್ದನ್ನು ಟೇಬಲ್ಲಿನ ನಡುವೆ ಇಟ್ಟು ಎಲ್ಲರೂ ಹಂಚಿಕೊಳ್ಳುತ್ತಾರೆ. ಬ್ರೆಡ್ಡು ಸಿಹಿ ಇರುತ್ತೆ. ಕೇಳಿದರೆ ಚಾಪ್‌ಸ್ಟಿಕ್ ಕೊಡುತ್ತಾರೆ. ಪಕ್ಕದ ಟೇಬಲ್ಲಿನ ಅಜ್ಜಿ ಆಗಲೇ ಹಿಡಿದಿರುತ್ತಾರೆ. ನೀವೂ ಕೇಳಿ, ಯಾರೂ ನಗುವುದಿಲ್ಲ. ನಿಜ ಹೇಳಬೇಕೆಂದರೆ ಫೋರ್ಕು, ಚಾಕು ಹೇಗೆ ಹಿಡಿಯುವುದು ಅಂತ ನಿಮಗಿಂತ ಕರೆದವರಿಗೇ ಅಳುಕು ಜಾಸ್ತಿ.

ಬೀಫ್ ಸ್ಟೇಕ್ ಹೇಳುವಾಗ ಎಷ್ಟು ಬೇಯಿಸಬೇಕು ಅಂತ ಅಂಕಿಯಲ್ಲಿ ಹೇಳುತ್ತಾರೆ: ಮೂರು, ಐದು, ಏಳು. ಮೂರು ಅಂದರೆ ಒಳಗೆ ಕೆಂಪಗಿರುತ್ತೆ, ಏಳು ಅಂದರೆ ಹೆಚ್ಚುಕಡಿಮೆ ಬೆಂದಂತೆ. ನನ್ನ ಜೊತೆ ಬಂದವರೆಲ್ಲ ಏಳು ಅನ್ನುತ್ತಿದ್ದರು. ನಿಮಗೆ ಬೇಕಾಗುವುದಿಲ್ಲ, ಆದರೆ ಟೇಬಲ್ಲಿನಲ್ಲಿ ಈ ಮಾತು ಬಂದಾಗ ಇವರೇನು ಹರಾಜು ಕೂಗುತ್ತಿದ್ದಾರಾ ಅಂತ ಅನಿಸದಿರಲಿ.

ಈಗ ನಿಮ್ಮ ಊಟ. ಮೆನುವಿನಲ್ಲಿ ಸೊಪ್ಪು ತರಕಾರಿಯ ಚಿತ್ರ ಇರುವುದೆಲ್ಲ ಸಸ್ಯಾಹಾರ ಅಂತ ತಿಳಿಯಬೇಡಿ. ಫ್ರೆಂಚ್ ಈರುಳ್ಳಿ ಸೂಪಿನ ಬುಡವೇ ದನದ ಎಲುಬಿನ ರಸ. ಅಣಬೆ ಸೂಪಿಗೆ ಹೆಚ್ಚಿನ ಕಡೆ ಕೋಳಿ ರಸ, ಇಲ್ಲವೇ ಕೋಳಿ ಪುಡಿ ಬೀಳುತ್ತೆ. ಈ ಕೋಳಿ ಪುಡಿ ಚೀನಾದ ಅಡುಗೆಮನೆಯಲ್ಲಿ ಉಪ್ಪಿನಷ್ಟೇ ಸಹಜ, ಹಾಕಿದವರಿಗೂ ಹಾಕಿದ್ದು ನೆನಪಿರುವುದಿಲ್ಲ. ಸೀಸರ್ ಸಲಾಡಿನ ಸಾಸಿನಲ್ಲಿ ಸಣ್ಣ ಮೀನು, ಮೇಲೆ ಬೇಕನ್, ಅಂದರೆ ಹಂದಿ ಮಾಂಸದ ಚೂರು. ಆಲೂಗಡ್ಡೆ, ಚೀಸ್ ಹಾಕಿ ಬೇಯಿಸಿದ್ದರಲ್ಲೂ ಬೇಕನ್ ಇರಬಹುದು, ಕೇಳಿ. ಮೂಸ್ ತರದ ಸಿಹಿಯಲ್ಲಿ ಜೆಲಾಟಿನ್ ಇರುತ್ತೆ, ಅದು ಪ್ರಾಣಿಗಳ ಎಲುಬು, ಚರ್ಮದಿಂದ ಮಾಡಿದ್ದು. ಕ್ರೆಮ್ ಬ್ರೂಲೆ ನಿಮಗೆ ಸರಿ, ಅದು ಕೆನೆ, ಮೊಟ್ಟೆಯ ಹಳದಿ, ಸಕ್ಕರೆ. ಆಮ್ಲೆಟ್ ಎಲ್ಲಿ ಹೋದರೂ ಮಾಡಿಕೊಡುತ್ತಾರೆ.

ಬರೀ "ನಾನು ಸಸ್ಯಾಹಾರಿ" ಅಂದರೆ ಸಾಲದು. ಕೆಲವರು ಅದನ್ನು ಬೌದ್ಧ ಭಿಕ್ಷುಗಳ ಊಟ ಅಂತ ತಿಳಿದು ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆಯನ್ನೂ ತೆಗೆದುಬಿಡುತ್ತಾರೆ. ಇನ್ನು ಕೆಲವರಿಗೆ ಮಾಂಸದ ತುಂಡು ಕಾಣದಿದ್ದರೆ ಸಾಕು, ರಸ ಇದ್ದರೆ ಪರವಾಗಿಲ್ಲ. ಹಾಗಾಗಿ ಚೀನೀ ಸಹೋದ್ಯೋಗಿಯ ಕೈಲಿ ಒಂದು ಚೀಟಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ. ಹಂದಿ, ದನ, ಕೋಳಿ, ಮೀನು, ಸೀಗಡಿ, ಹಂದಿ ಕೊಬ್ಬು, ಎಲುಬಿನ ರಸ, ಕೋಳಿ ಪುಡಿ ಬೇಡ. ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಆಗುತ್ತೆ. ಇದನ್ನು ಹಿಂದಿನ ದಿನವೇ ಟೇಬಲ್ ಬುಕ್ ಮಾಡುವವರಿಗೆ ಕಳಿಸಿ. ಅಲ್ಲೇ ಕೂತು ಹೇಳಿದರೆ ಕರೆದವರಿಗೆ ಮುಜುಗರ.

ಇನ್ನೊಂದು ದಾರಿ ನನ್ನ ಹೆಂಡತಿ ಕಂಡುಕೊಂಡದ್ದು. ಒಳಗಿರುವ ಅಡುಗೆಯವನು ಚೀನಾದವನೇ ತಾನೆ? ಹಸಿರು ಸೊಪ್ಪನ್ನು ಬೆಳ್ಳುಳ್ಳಿ ಹಾಕಿ ಹುರಿದುಕೊಡಿ, ಟೊಮೆಟೊ ಮೊಟ್ಟೆ ಮಾಡಿಕೊಡಿ, ಸ್ವಲ್ಪ ಅನ್ನ ಕೊಡಿ ಅಂದಳು. ಮೆನುವಿನಲ್ಲಿ ಇದ್ಯಾವುದೂ ಇರಲಿಲ್ಲ. ಹತ್ತೇ ನಿಮಿಷದಲ್ಲಿ ಬಂತು, ಬಿಸಿಬಿಸಿ, ದೊಡ್ಡ ಬಿಳಿ ಫ್ರೆಂಚ್ ತಟ್ಟೆಯಲ್ಲಿ. ನನ್ನ ಪಾಸ್ತಾ ಆರಿ ಮುದ್ದೆಯಾಗಿತ್ತು, ಅವಳು ಆರಾಮಾಗಿ ಊಟ ಮಾಡಿದಳು. ಕೆಲವರಿಗೆ ಇದು ಅವಮಾನ ಅನಿಸಬಹುದು, ಫ್ರೆಂಚ್ ಹೋಟೆಲಿಗೆ ಬಂದು ಟೊಮೆಟೊ ಮೊಟ್ಟೆಯಾ ಅಂತ. ನನ್ನ ಪ್ರಕಾರ ಆ ಅಡುಗೆಮನೆಗೆ ಚೆನ್ನಾಗಿ ಬರುವುದನ್ನು ಕೇಳುವುದರಲ್ಲಿ ಅವಮಾನ ಏನಿಲ್ಲ.

ನಿಮ್ಮನ್ನು ಕರೆದವರು ದೊಡ್ಡದಾಗಿ ಮಾಡಬೇಕು ಅಂತ ಹೊರಟರೆ ಕ್ಯಾವಿಯರ್ (ಸ್ಟರ್ಜನ್ ಮೀನಿನ ಉಪ್ಪು ಹಾಕಿದ ಮೊಟ್ಟೆ), ಹೆಬ್ಬಾತಿನ ಪಿತ್ತಜನಕಾಂಗ ತರಿಸಬಹುದು. ಇಲ್ಲಿ ಒಂದು ತಮಾಷೆ ಇದೆ. ಇವು ಫ್ರಾನ್ಸಿನಿಂದ ಬಂದವು ಅಂತ ನಾನು ತಿಳಿದಿದ್ದೆ. ಕ್ಯಾವಿಯರ್ ನಮ್ಮ ಚ್ಯೂಝೌದ್ದೇ. ಕಲೂಗಾ ಕ್ವೀನ್ ಅನ್ನುವ, ಜಗತ್ತಿನಲ್ಲೇ ಅತಿ ಹೆಚ್ಚು ಕ್ಯಾವಿಯರ್ ತಯಾರಿಸುವ ಕಂಪನಿ ಇರುವುದು ಅಲ್ಲಿ. ಅವರು ಸ್ಟರ್ಜನ್ ಮೀನು ಸಾಕಲು ಶುರು ಮಾಡಿದ್ದು ಪಕ್ಕದ ಚ್ಯಾನ್‌ದಾವ್ ಸರೋವರದಲ್ಲಿ, 1959ರಲ್ಲಿ ಅಣೆಕಟ್ಟು ಕಟ್ಟಿದಾಗ ಆದ ಸರೋವರ ಅದು. ಮೀನು ಮೊಟ್ಟೆ ಕೊಡಲು ಏಳೆಂಟು ವರ್ಷ, ಕೆಲವು ಜಾತಿಗೆ ಅದಕ್ಕೂ ಜಾಸ್ತಿ ಬೇಕು. ಪ್ಯಾರಿಸಿನ ದೊಡ್ಡ ದೊಡ್ಡ ರೆಸ್ಟೊರೆಂಟುಗಳಿಗೂ ಹೋಗುವುದು ಈ ಮಾಲೇ. ನನಗೆ ರುಚಿ ಹಿಡಿಸಿತು, ಮನೆಯಲ್ಲಿ ಅಮ್ಮ ಹುರಿಯುವ ಮೀನಿನ ಮೊಟ್ಟೆಯ ಉಪ್ಪುಪ್ಪಾದ ತಂಗಿ ಅನ್ನಿ. ಹೆಬ್ಬಾತಿನದ್ದು ಪಕ್ಕದ ಅನ್ಹುಯಿ ಪ್ರಾಂತ್ಯದ ಹ್ವೋಚ್ಯೂ ತಾಲ್ಲೂಕಿನ ಕಡೆಯದ್ದಾಗಿರುವ ಸಾಧ್ಯತೆ ಜಾಸ್ತಿ, ಅಲ್ಲಿ ಫ್ರಾನ್ಸಿನ ತಳಿಯ ಹೆಬ್ಬಾತು ಸಾಕುತ್ತಾರೆ. ಬಾತಿನ ಗಂಟಲಿಗೆ ಬಲವಂತವಾಗಿ ಕಾಳು ತುರುಕಿ ಅದರ ಪಿತ್ತಜನಕಾಂಗ ಊದಿಸುವ ಕಾರಣಕ್ಕೆ ನಮ್ಮ ಸರ್ಕಾರ 2014ರಲ್ಲಿ ಅದರ ಆಮದನ್ನೇ ನಿಲ್ಲಿಸಿತು. ನಾನು ತಿನ್ನಲಿಲ್ಲ. ನೀವು ಹೇಗೂ ತಿನ್ನುವುದಿಲ್ಲ, ಆದರೆ ಅದು ದುಬಾರಿ ತಿನಿಸು, ನಿಮಗಾಗಿ ತರಿಸಿದ ಮೇಲೆ ಬೇಡ ಅನ್ನುವುದು ಕಷ್ಟ. ಮತ್ತೆ ಹೇಳುತ್ತೇನೆ, ಆ ಚೀಟಿ ಮೊದಲೇ ಕಳಿಸಿ.

ವೈನ್ ಬರುತ್ತೆ. ಸಣ್ಣ ಗುಟುಕು ಕುಡಿದು ಇಡುವುದಲ್ಲ, ಗನ್‌ಬೇ ಅಂದರೆ ಗ್ಲಾಸು ಖಾಲಿ ಮಾಡಬೇಕು. ಹಿರಿಯರ ಗ್ಲಾಸಿಗೆ ತಾಗಿಸುವಾಗ ನಿಮ್ಮ ಗ್ಲಾಸು ಸ್ವಲ್ಪ ಕೆಳಗಿರಲಿ, ಅದು ಮರ್ಯಾದೆ. ಕುಡಿಯದವರಾದರೆ ಮೊದಲ ಸುತ್ತಿನಲ್ಲೇ ಹೇಳಿ ಟೀ ಹಿಡಿಯಿರಿ, ವೈನಿನ ಬದಲು ಟೀ ಎತ್ತುವ ಪದ್ಧತಿ ಅಲ್ಲಿ ಮೊದಲಿನಿಂದ ಇದೆ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಒಂದು ಸುತ್ತು ಕುಡಿದು ಎರಡನೆಯದಕ್ಕೆ ಬೇಡ ಅಂದರೆ ಮಾತ್ರ ಬಿಡುವುದಿಲ್ಲ.

ಇನ್ನೊಂದಕ್ಕೆ ಸಿದ್ಧವಾಗಿರಿ. ನೀವು ಹೊರದೇಶದವರು, ಅಂದಮೇಲೆ ಫ್ರೆಂಚ್ ಊಟದ ಪಂಡಿತರು. ನಮ್ಮ ಟೇಬಲ್ಲಿಗೆ ಅಡುಗೆಯವನು ಟೋಪಿ ಹಾಕಿಕೊಂಡೇ ಬಂದು, ಸಾಸ್ ನಿಮ್ಮ ಕಡೆಯ ಹಾಗೇ ಬಂದಿದೆಯಾ ಅಂತ ಕೇಳಿದ. ನಮ್ಮ ಕಡೆ! ನಾನು ದಾವಣಗೆರೆಯವನು. ಬೆಣ್ಣೆ ದೋಸೆ ಬಗ್ಗೆ ಕೇಳಿದ್ದರೆ ಅರ್ಧ ಗಂಟೆ ಮಾತಾಡುತ್ತಿದ್ದೆ. ಸಾಸಿನಲ್ಲಿ ಬೆಣ್ಣೆ ಇತ್ತು, ಬೆಣ್ಣೆ ಚೆನ್ನಾಗಿದೆ ಅಂದೆ. ಅವನಿಗೆ ಎಷ್ಟು ಖುಷಿಯಾಯಿತು ಅಂದರೆ ಆಮೇಲೆ ನಾವು ಹೋದಾಗಲೆಲ್ಲ ಬ್ರೆಡ್ಡಿನ ಜೊತೆ ಎರಡು ಪಾಲು ಬೆಣ್ಣೆ ಬರುತ್ತಿತ್ತು. ನಿಮ್ಮನ್ನೂ ಕೇಳಿದರೆ ಸುಮ್ನೆ ಚೆನ್ನಾಗಿದೆ ಅನ್ನದೆ, ಒಂದು ತಿನಿಸಿನ ಹೆಸರು ಹಿಡಿದು ಹೇಳಿ.

ಬಿಲ್ಲು ಕರೆದವರು ಕೊಡುತ್ತಾರೆ. ಪಾಲು ಹಾಕಲು ಹೋಗಬೇಡಿ, ಕೆಲವು ದಿನ ಬಿಟ್ಟು ನೀವು ಅವರನ್ನು ಕರೆಯಿರಿ. ಟಿಪ್ಸ್ ಕೊಡುವ ರೂಢಿ ಇಲ್ಲ. ನೀವು ಕರೆಯುವ ಸರದಿಗೆ ಅಲಿಪೇ ಅಥವಾ ವೀಚಾಟ್ ಬೇಕು. ನಮ್ಮ ಯುಪಿಐ ಅಲ್ಲಿ ನಡೆಯುವುದಿಲ್ಲ, ಸಣ್ಣ ಊರಿನಲ್ಲಿ ವೀಸಾ ಕಾರ್ಡು ಉಜ್ಜುವ ಮೆಷಿನ್ನೂ ಸಿಗುವುದು ಅಪರೂಪ. ಆದರೆ ವೀಸಾ, ಮಾಸ್ಟರ್‌ಕಾರ್ಡನ್ನು ಆ ಆ್ಯಪುಗಳಿಗೆ ಜೋಡಿಸಬಹುದು. 200 ಯುವಾನ್ ದಾಟಿದ ಬಿಲ್ಲಿಗೆ ಶೇಕಡಾ 3 ಚಾರ್ಜು ಬೀಳುತ್ತೆ. ಜೋಡಿಸುವಾಗ ನಿಮ್ಮ ಬ್ಯಾಂಕಿನ ಓಟಿಪಿ ಬೇಕಾಗುತ್ತೆ, ಅದಕ್ಕೆ ಅಲಿಪೇ ಕೆಲಸವನ್ನು ಊರಿನಲ್ಲೇ ಮುಗಿಸಿಕೊಂಡು ವಿಮಾನ ಹತ್ತಿ. ವೀಚಾಟ್ ನಮ್ಮ ದೇಶದಲ್ಲಿ 2020ರಲ್ಲೇ ನಿಷೇಧವಾಗಿದೆ, ಅದನ್ನು ಅಲ್ಲಿಗೆ ಹೋದ ಮೇಲೆಯೇ ನೋಡಿಕೊಳ್ಳಬೇಕು. ಮೆನು ಓದಲು ಗೂಗಲ್ ನೆಚ್ಚಿಕೊಳ್ಳಬೇಡಿ, ಅಲ್ಲಿನ ಇಂಟರ್ನೆಟ್ಟಿನಲ್ಲಿ ತೆರೆಯುವುದಿಲ್ಲ. ವೀಚಾಟಿನಲ್ಲೇ ಫೋಟೋ ತೆಗೆದು ಅನುವಾದ ಮಾಡುವ ಸೌಲಭ್ಯ ಇದೆ, ಮೆನುವಿಗೆ ಅಷ್ಟು ಸಾಕು.