ಗ್ರೀಸ್‌ನ ವಿಕೋಸ್ ಕಣಿವೆಯಲ್ಲಿ ಮೊನೊಡೆಂಡ್ರಿ ಹಳ್ಳಿಯಿಂದ ಪಾಪಿಂಗೊ ಹಳ್ಳಿಗೆ ನಡೆಯೋಕೆ ಮೂರು ಗಂಟೆ ಸಾಕಾ? ಮ್ಯಾಪ್ ಹಾಗೇ ತೋರಿಸ್ತಿದೆ, ಮಧ್ಯಾಹ್ನ ಹೊರಡೋಣ ಅಂತಿದ್ದೇವೆ.

ಸಾಲದು. ನಿಮ್ಮ ಮ್ಯಾಪ್ ಸಮತಟ್ಟು ದಾರಿಯ ಲೆಕ್ಕ ಹಾಕಿದಂತಿದೆ. ವಿಕೋಸ್ ಕಣಿವೆಯ ತಳದಲ್ಲಿ ಉರುಟು ಬಂಡೆಗಳೇ ಹೆಚ್ಚು. ಮಧ್ಯಾಹ್ನ ಹೊರಡೋದು ಬೇಡ, ಬೆಳಿಗ್ಗೆ 8ಕ್ಕೇ ಇಳಿಯಿರಿ, ಏಳು ಗಂಟೆ ಇಟ್ಟುಕೊಳ್ಳಿ. ಒಬ್ಬರಿಗೆ 3 ಲೀಟರ್ ನೀರು: ಬೇಸಿಗೆಯಲ್ಲಿ ನದಿಪಾತ್ರ ಒಣಗಿರುತ್ತೆ, ವೊಯಿಡೊಮಾಟಿಸ್ ನದಿ ಹುಟ್ಟೋ ಚಿಲುಮೆ ಸಿಗೋದು ಕಣಿವೆಯ ಕೊನೆಗೆ. ಮೊದಲ ಇಳಿಜಾರಿನ ಕಲ್ಲುಗಳು ಒದ್ದೆಯಾದರೆ ಜಾರುತ್ತವೆ. ಆಮೇಲೆ ಕಾಲುದಾರಿ ತೋರಿಸೋ ‘O3’ ಗುರುತು ಬಿಡಬೇಡಿ. ಚಿಲುಮೆ ಹತ್ತಿರ ಕವಲು: ಎಡಕ್ಕೆ ವಿಕೋಸ್ ಹಳ್ಳಿ, ಬಲಕ್ಕೆ, ಹೊಳೆ ದಾಟಿ, ಪಾಪಿಂಗೊ ಏರು, ಸುಮಾರು ಎರಡು ಗಂಟೆ. ಹಿಮ ಕರಗೋ ಏಪ್ರಿಲ್-ಮೇನಲ್ಲಿ ಹೊಳೆ ದಾಟಬಹುದೋ ಇಲ್ಲವೋ ಮೊದಲೇ ಹೇಳೋಕಾಗಲ್ಲ. ಹಿಂದಿನ ರಾತ್ರಿ ಉಳಿದುಕೊಂಡ ಕಡೆ ವಿಚಾರಿಸಿ. ನೀರು ಜೋರಿದ್ದರೆ ವಿಕೋಸ್ ಹಳ್ಳಿಗೆ ಹತ್ತಿ, ಟ್ಯಾಕ್ಸಿ ಕರೆಸಿಕೊಳ್ಳಿ.