ಬಾಗಿಲು ಸ್ವಲ್ಪ ಎತ್ತಿ ಬೀಗ ಹಾಕಬೇಕು

ಓದುಗರ ಪತ್ರ: ಸಣ್ಣ ಹೋಟೆಲ್‌ಗಳಿಗೆ ಕೆಲಸದವರ ನಡವಳಿಕೆಯೇ ಬೌದ್ಧಿಕ ಬಂಡವಾಳ, ಅಂದ್ರೆ ದುಡ್ಡಿನ ಹಾಗೇ ಲಾಭ ತರೋ ತಿಳುವಳಿಕೆ, ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ರಿ. ನಾನು 14 ರೂಮಿನ ಲಾಡ್ಜ್ ನಡೆಸ್ತೀನಿ, 5 ಜನ ಕೆಲಸಕ್ಕಿದ್ದಾರೆ. ನಡವಳಿಕೆ ಅನ್ನೋದು ಅವರವರ ಸ್ವಭಾವ, ಅದು ಬಂಡವಾಳ ಹೇಗಾಗುತ್ತೆ? ನಾಳೆ ಬಿಟ್ಟು ಹೋದ್ರೆ ಅದೂ ಅವರ ಜೊತೆನೇ ಹೋಯ್ತು. ಒಂದು ಒಳ್ಳೆ ಸಾಫ್ಟ್‌ವೇರ್ ಹಾಕಿಸಿ ರೂಲ್ಸ್ ಬರೆದಿಟ್ರೆ ಯಾರು ಬಂದ್ರೂ ನಡೆಯುತ್ತೆ. ಯಾವುದು ತಗೋಬಹುದು ಹೇಳಿ.

ಸಂಪಾದಕರ ಉತ್ತರ: ಸುತ್ತುಬಳಸದೆ ಕೇಳಿದ್ದೀರಿ ಸ್ವಾಮಿ, ಅದಕ್ಕೇ ಉಳಿದ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟು ನಿಮಗೊಬ್ಬರಿಗೇ ಪೂರ್ತಿ ಪುಟ ಕೊಡ್ತಿದ್ದೀನಿ (ಪುಟ ಕಟ್ಟೋರು ಮುಖ ಊದಿಸ್ಕೊಂಡಿದ್ದಾರೆ, ಇರ್ಲಿ). ಸಾಫ್ಟ್‌ವೇರ್ ಬೇಡ ಅಂತ ನಾನೇನೂ ಹೇಳಲ್ಲ. ಬುಕಿಂಗು, ಬಿಲ್ಲು, ಒಂದೇ ರೂಮನ್ನ ಇಬ್ಬರಿಗೆ ಕೊಟ್ಟು ಪೇಚಿಗೆ ಸಿಕ್ಕಾಕೊಳ್ಳದೇ ಇರೋದು, ಇದಕ್ಕೆಲ್ಲ ಅದು ಬೇಕೇ ಬೇಕು, ಧಾರಾಳವಾಗಿ ತಗೊಳ್ಳಿ. ಆದ್ರೆ ನಡವಳಿಕೆ ಬಂಡವಾಳ ಹೇಗಾಗುತ್ತೆ ಅಂದ್ರಲ್ಲ, ಅಲ್ಲಿ ನಿಮ್ಮನ್ನ ಸುಮ್ನೆ ಬಿಡೋಕಾಗಲ್ಲ.

ನಾನು ಪದೇ ಪದೇ ಉಳ್ಕೊಳ್ತಿದ್ದ ಒಂದು ಸಣ್ಣ ಹೋಟೆಲಲ್ಲಿ ಕೌಂಟರ್ ಕೆಳಗೆ ಒಂದು ನೋಟ್‌ಬುಕ್ ಇತ್ತು, ಅದಕ್ಕೆ ದಾರ ಕಟ್ಟಿ ನೇತುಬಿಟ್ಟ ಗಿಡ್ಡ ಪೆನ್ಸಿಲ್ಲು. ರಾತ್ರಿ ಪಾಳಿಯವನು ಬೆಳಗಿನವಳಿಗೆ ಬರೆದಿಡೋದು. ಒಂದಿನ ಕೇಳಿ ಇಸ್ಕೊಂಡು ಓದಿದೆ. ‘7ರ ಬಾಗಿಲು ಸ್ವಲ್ಪ ಎತ್ತಿ ಬೀಗ ಹಾಕಬೇಕು, ಬಂದವರಿಗೆ ಮೊದಲೇ ತೋರಿಸಿ.’ ‘11ರ ಅಜ್ಜಿಗೆ ಮಂಡಿ ನೋವಿರಬೇಕು, ಮೆಟ್ಟಿಲು ನೋಡ್ಕೊಂಡು ನಿಂತ್ರು, ಬಾಯಿಬಿಟ್ಟು ಕೇಳೋರಲ್ಲ, ಕೆಳಗಿನ 2ನೇ ರೂಮು ಖಾಲಿ ಆದ ಕೂಡ್ಲೆ ಕೊಡಿ.’ ‘9ರ ನಲ್ಲಿ ಸೋರ್ತಿದೆ, ನಿನ್ನೆನೇ ಹೇಳ್ಬೇಕಿತ್ತು, ಮರೆತೆ.’ ಇದನ್ನ ಯಾರೂ ಕೂರಿಸಿ ಬರೆಸಿದ್ದಲ್ಲ. ಆ ಅಜ್ಜಿ ಒಂದು ಗಳಿಗೆ ಮೆಟ್ಟಿಲ ಹತ್ರ ನಿಂತಿದ್ದನ್ನ ಗಮನಿಸಿದ್ದು ಒಬ್ಬ, ಅದನ್ನ ತನ್ನಲ್ಲೇ ಇಟ್ಕೊಳ್ಳದೆ ದಾಟಿಸಿದ್ದೂ ಅವನೇ, ರೂಮು ಬದಲಾಯಿಸಿ ಕೊಟ್ಟಿದ್ದು ಇನ್ನೊಬ್ಬಳು.

ಕೆಲವು ವರ್ಷ ಬಿಟ್ಟು ಹೋದಾಗ ಮ್ಯಾನೇಜ್‌ಮೆಂಟ್ ಬದಲಾಗಿತ್ತು. ಪೆನ್ಸಿಲ್ ಇಲ್ಲ, ಕಂಪ್ಯೂಟರ್ ಬಂದಿದೆ, ಅದರಲ್ಲಿ ರಿಮಾರ್ಕ್ಸ್ ಅಂತ ಒಂದು ಕಾಲಂ. ಮೇಲಿಂದ ಕೆಳಗಿನವರೆಗೂ ಓಕೆ, ಓಕೆ, ಓಕೆ. ಹಳೇ ರೂಮ್ ಬಾಯ್ ಒಬ್ಬ ಮೆಲ್ಲಗೆ ಹೇಳಿದ, ಹೇಳೋದು ಮರೆತೆ ಅಂತ ನಿಜ ಬರೆದವನಿಗೆ ಅರ್ಧ ದಿನದ ಸಂಬಳ ಹಿಡಿದ್ರಂತೆ, ಅವತ್ತಿಂದ ಎಲ್ಲಾ ಓಕೆನೇ ಸಾರ್. ಸಾಫ್ಟ್‌ವೇರ್ ಮಾತ್ರ ಚೆನ್ನಾಗೇ ಓಡ್ತಿತ್ತು.

ಬೌದ್ಧಿಕ ಬಂಡವಾಳ ಅನ್ನೋದು ನಾನು ಹುಟ್ಟಿಸಿದ ಮಾತಲ್ಲ. ಸ್ವೀಡನ್ನಿನ ಸ್ಕ್ಯಾಂಡಿಯಾ ಅನ್ನೋ ಇನ್ಶೂರೆನ್ಸ್ ಕಂಪನಿ 1991ರಲ್ಲೇ ಲೀಫ್ ಎಡ್ವಿನ್ಸನ್ ಅನ್ನೋರನ್ನ ಇದನ್ನ ನೋಡ್ಕೊಳ್ಳೋಕೆ ಅಂತಲೇ ನೇಮಿಸ್ತು, 1994ರ ವಾರ್ಷಿಕ ವರದಿ ಜೊತೆ ಇದರದ್ದೇ ಒಂದು ಪುರವಣಿ ತಂತು. ಅವರ ಲೆಕ್ಕ ಸರಳ: ಸಂಜೆ ಮನೆಗೆ ಹೋಗೋದು ಮಾನವ ಬಂಡವಾಳ, ಎಲ್ಲರೂ ಹೋದ ಮೇಲೂ ಆಫೀಸಲ್ಲಿ ಉಳಿಯೋದು ರಚನೆಯ ಬಂಡವಾಳ. ನಿಮ್ಮ ಭಯ ಇರೋದು ಮೊದಲನೇದರ ಬಗ್ಗೆ, ಭಯ ಸರೀನೇ. 5 ಜನರಲ್ಲಿ ಒಬ್ಬ ಎದ್ದು ಹೋದ್ರೆ ಐದನೇ ಒಂದು ಪಾಲು ಹೋದ ಹಾಗೆ, ದೊಡ್ಡ ಹೋಟೆಲಿಗೆ ಅಷ್ಟು ಪೆಟ್ಟು ಬೀಳಲ್ಲ. ಆದ್ರೆ ಮೊದಲನೇದು ಎರಡನೇದಾಗೋ ದಾರಿ ಯಾವುದು ಹೇಳಿ? ಅವರು ತಾವಾಗೇ ಬಾಯಿ ಬಿಡಬೇಕು, ಹೊಸಬನಿಗೆ ಕಲಿಸಬೇಕು, ತಪ್ಪು ಒಪ್ಕೋಬೇಕು, ತನ್ನದಲ್ಲದ ಕೆಲಸಕ್ಕೂ ಕೈ ಹಾಕಬೇಕು. ಇದನ್ನೇ ನಾನು ನಡವಳಿಕೆ ಅಂದಿದ್ದು, ನೀವು ಸ್ವಭಾವ ಅಂದ್ಕೊಂಡ್ರಿ. ಸ್ವಭಾವ ಆಗಿದ್ರೆ ಅರ್ಧ ದಿನದ ಸಂಬಳಕ್ಕೆ ಮೂರೂ ಪಾಳಿಯವರ ಸ್ವಭಾವ ಒಟ್ಟಿಗೇ ಬದಲಾಯ್ತಾ?

ರೂಲ್ಸ್ ಬರೆದಿಡ್ತೀನಿ ಅಂದ್ರಿ. ಎಷ್ಟು ಬರೀತೀರಿ? 1980ರ ದಶಕದಲ್ಲಿ ಜಪಾನಿನ ಮತ್ಸುಶಿತಾ ಕಂಪನಿ ಮನೇಲೇ ಬ್ರೆಡ್ ಮಾಡೋ ಮಷೀನ್ ಮಾಡೋಕೆ ಹೋಗಿ ಒದ್ದಾಡ್ತಿತ್ತು, ಮಷೀನ್ ನಾದಿದ ಹಿಟ್ಟನ್ನೂ ಬೇಕರ್ ನಾದಿದ ಹಿಟ್ಟನ್ನೂ ಎಕ್ಸ್‌ರೇ ತೆಗೆದು ಹೋಲಿಸಿದ್ರೂ ಗುಟ್ಟು ಸಿಗ್ಲಿಲ್ಲ. ಕೊನೆಗೆ ಇಕುಕೊ ತನಾಕಾ ಅನ್ನೋ ಡೆವಲಪರ್ ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಮುಖ್ಯ ಬೇಕರ್ ಹತ್ರ ಕೆಲಸ ಕಲಿಯೋಕೆ ನಿಂತ್ರು, ನೋಡಿ ನೋಡಿ ಗೊತ್ತಾಯ್ತು, ಆತ ಹಿಟ್ಟನ್ನ ಎಳೆಯೋವಾಗ ಒಂದು ಥರ ತಿರುಚ್ತಾನೆ ಅಂತ. ಪ್ರೊಫೆಸರ್ ಇಕುಜಿರೊ ನೊನಾಕಾ ಇದನ್ನ ಬರೆದು ಜಗತ್ತಿಗೇ ಪ್ರಸಿದ್ಧಿ ಮಾಡಿದ್ರು. ಕೈಗೆ ಗೊತ್ತಿರೋದು ರೂಲ್ ಬುಕ್ಕಿಗೆ ಬರೋಕೆ ಯಾರಾದ್ರೂ ಪಕ್ಕದಲ್ಲಿ ನಿಂತು ನೋಡಬೇಕು. ಆ ವಿಷಯದಲ್ಲಿ ನಿಮ್ಮದು ಅದೃಷ್ಟ, 14 ರೂಮಿಗೆ ಮಾಲೀಕ ದಿನಾ ಪಕ್ಕದಲ್ಲೇ ನಿಲ್ಲಬಹುದು, 300 ರೂಮಿನವನಿಗೆ ಆ ಭಾಗ್ಯ ಎಲ್ಲಿದೆ!

ತಪ್ಪೆಲ್ಲ ನಿಮ್ಮದೇ ಅನ್ನಲ್ಲ, ಲೆಕ್ಕ ಬರೆಯೋ ಪದ್ಧತಿನೇ ಹಾಗಿದೆ. ಐಎಎಸ್ 38 ಅನ್ನೋ ಅಂತಾರಾಷ್ಟ್ರೀಯ ಲೆಕ್ಕಪತ್ರ ನಿಯಮದ ಪ್ರಕಾರ ಕೆಲಸಗಾರರ ಕೌಶಲ್ಯವನ್ನ ಸಾಮಾನ್ಯವಾಗಿ ಆಸ್ತಿ ಅಂತ ತೋರಿಸೋ ಹಾಗಿಲ್ಲ, ಯಾಕಂದ್ರೆ ಅದು ಮಾಲೀಕನ ಹತೋಟಿಯಲ್ಲಿ ಸಾಕಷ್ಟು ಇಲ್ಲ. ಟ್ರೈನಿಂಗಿಗೆ ಸುರಿದ ದುಡ್ಡು ಸೀದಾ ಖರ್ಚಿಗೆ. ಅಂದ್ರೆ ರಿಸೆಪ್ಷನ್ನಿನ ಸೋಫಾ ಆಸ್ತಿ, ಅದರ ಎದುರು ರಾತ್ರಿಯಿಡೀ ಎದ್ದಿರೋನು ಖರ್ಚು. ಖರ್ಚು ಅಂತ ಹೆಸರಿಟ್ಟ ಮೇಲೆ ಕೈ ಕತ್ತರಿ ಕಡೆಗೇ ಹೋಗುತ್ತೆ, ಸಂಬಳ ಕಡಿಮೆ, ಜನ ಕಡಿಮೆ, ಮೇಲಿಂದ ನಗುನಗ್ತಾ ಮಾತಾಡೋದು ಹೇಗೆ ಅಂತ ಕ್ಲಾಸು ಬೇರೆ. ವಿಮಾನದ ಪರಿಚಾರಿಕೆಯರ ಈ ಬಲವಂತದ ನಗುವಿನ ಬಗ್ಗೆ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲೇ ಬರೆದ್ರು, ಅದೂ ದುಡಿಮೆನೇ ಅಂತ. ಓದಿದವರು ಯಾರು? ನಮ್ಮ ಪತ್ರಿಕೆ ಕಥೆಯೂ ಬೇರೆಯಲ್ಲ ಬಿಡಿ, ಹಳೇ ಪ್ರೂಫ್ ರೀಡರ್ ಹೋದ ಮೇಲೆ ಯಾವ ಲೇಖಕರು ಯಾವ ಪದಕ್ಕೆ ಕೈ ಹಾಕಿದ್ರೆ ಸಿಟ್ಟಾಗ್ತಾರೆ ಅನ್ನೋದು ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ, ಈಗ ವಾರಕ್ಕೊಂದು ಬೈಗುಳದ ಫೋನು. ಅವರನ್ನ ಪಕ್ಕದಲ್ಲಿ ಕೂರಿಸ್ಕೊಂಡು ಕೇಳ್ಕೊಳ್ಳದೇ ಇದ್ದೋನು ನಾನೇ.

ಸಾಫ್ಟ್‌ವೇರ್ ಹೆಸರು ಕೇಳಿದ್ರಿ, ಅದು ನನ್ನ ಕ್ಷೇತ್ರ ಅಲ್ಲ. ತಗೊಳ್ಳೋಕೆ ಮುಂಚೆ ನಿಮ್ಮ ಐವರಲ್ಲಿ ಎಲ್ಲರಿಗಿಂತ ಹಳಬರು ಯಾರೋ ಅವರ ಜೊತೆ ಒಂದು ಸುತ್ತು 14 ರೂಮಿಗೂ ಹೋಗಿ ಬನ್ನಿ, ಯಾವ ಬಾಗಿಲು ಎತ್ತಿ ಹಾಕಬೇಕು ಕೇಳಿ, ನಡುವೆ ಬಾಯಿ ಹಾಕ್ಬೇಡಿ. ಅವರೇನು ಹೇಳಿದ್ರು ಅಂತ ನನಗೂ ಬರೀರಿ, ಅದಕ್ಕೂ ಪುಟ ಕೊಡ್ತೀನಿ.