ಶುಗರ್ ಇರುವ ಅಪ್ಪನಿಗೆ ಮೂರು ಹೊತ್ತೂ ಮುದ್ದೆ ಕೊಡಬಹುದಾ?

ಮಂಡ್ಯ ಹತ್ತಿರದ ಊರಿನಲ್ಲಿರುವ ಅಪ್ಪನಿಗೆ ಶುಗರ್ ಬಂದಿದೆ, ಮಾತ್ರೆ ಶುರುವಾಗಿದೆ, ಅನ್ನ ಬಿಡಿಸಿ ಮೂರು ಹೊತ್ತೂ ಮುದ್ದೆ ಕೊಟ್ಟರೆ ಸಾಕಾ, ಕಾಫಿಗೆ ಸಕ್ಕರೆ ಬದಲು ಬೆಲ್ಲ ಹಾಕಬಹುದಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಅತ್ತೆಗೂ ನನಗೂ ಶುಗರ್ ಇದೆ, ಅಡುಗೆ ನನ್ನದು. ಅದರ ಮೇಲೆ ಹೇಳುತ್ತಿದ್ದೇನೆ.

ಬೆಲ್ಲ ಬೇಡ. ಆಲೆಮನೆಯ ಊರಿನಲ್ಲಿ ಈ ಮಾತು ಯಾರಿಗೂ ರುಚಿಸಲ್ಲ, ಗೊತ್ತು. ಆದರೆ ಅದೂ ಕಬ್ಬಿನದೇ ಅಲ್ವಾ, ರಕ್ತದಲ್ಲಿ ಶುಗರ್ ಏರಿಸುವುದರಲ್ಲಿ ಸಕ್ಕರೆಗೂ ಬೆಲ್ಲಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಇನ್ನು ಮುದ್ದೆ. 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ (ಶರ್ಕರಪಿಷ್ಟ) ಇದೆ, ಪಾಲಿಶ್ ಅಕ್ಕಿಯಲ್ಲಿ ಸುಮಾರು 78. ರಾಗಿಯಲ್ಲಿ ನಾರು 11 ಗ್ರಾಂನಷ್ಟು, ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹಾಗಾಗಿ ರಾಗಿ ಮೇಲು, ನಿಜ. ಆದರೆ ಎರಡು ದೊಡ್ಡ ಮುದ್ದೆ ಇಳಿಸಿದರೆ ಆ ಲಾಭ ಅಲ್ಲಿಗೇ ಹೋಯಿತು. ಮುದ್ದೆಯನ್ನು ನಾವು ಅಗಿಯುವುದೂ ಇಲ್ಲ, ನುಂಗುತ್ತೇವೆ, ಎಷ್ಟು ಹೋಯಿತು ಅಂತಲೇ ತಿಳಿಯಲ್ಲ. ಇಡೀ ದಿನ ಗದ್ದೆಯಲ್ಲಿ ಬಗ್ಗಿ ದುಡಿದವರಿಗೆ ಅದು ಕರಗುತ್ತಿತ್ತು. ಈಗ ಗದ್ದೆ ನೋಡಲು ಬೈಕಿನಲ್ಲಿ ಹೋಗಿ ಬರುವವರಿಗೂ ಮುದ್ದೆ ಮಾತ್ರ ಅಂದಿನ ಗಾತ್ರದ್ದೇ! ರಾಗಿ ಗಂಜಿಯನ್ನಂತೂ ಔಷಧಿ ಅಂತ ದೊಡ್ಡ ಲೋಟದಲ್ಲಿ ಕೊಡಬೇಡಿ. ನುಣ್ಣಗಿನ ಹಿಟ್ಟು, ನೀರಾಗಿ ಬೆಂದದ್ದು, ಶುಗರ್ ಬೇಗ ಏರಿಸುತ್ತದೆ.

ನಾನು ಮಾಡಿಕೊಂಡ ದೊಡ್ಡ ಬದಲಾವಣೆ ಬಸ್ಸಾರಿನಲ್ಲಿದೆ. ಕಾಳು, ಸೊಪ್ಪು ಬೇಯಿಸಿ ಬಸಿದ ಮೇಲೆ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯ. ಸತ್ವ ಹೆಚ್ಚಾಗಿ ಪಲ್ಯದಲ್ಲೇ ಇದೆ, ನಾವು ಅದನ್ನು ತಟ್ಟೆಯ ಮೂಲೆಯಲ್ಲಿ ಚೂರು ಹಾಕಿಕೊಳ್ಳುತ್ತೇವೆ. ಇದನ್ನು ತಿರುಗಿಸಿ. ಅರ್ಧ ತಟ್ಟೆ ಸೊಪ್ಪು, ತರಕಾರಿ. ಕಾಲು ಭಾಗ ಕಾಳು, ಅಥವಾ ಮೊಟ್ಟೆ, ಮೀನು, ಕೋಳಿ. ಇನ್ನುಳಿದ ಕಾಲಿನಲ್ಲಿ ಸಣ್ಣ ಮುದ್ದೆ, ಇಲ್ಲವೇ ಅಷ್ಟೇ ಅನ್ನ. ಎರಡೂ ಒಟ್ಟಿಗೆ ಬೇಡ. ಮುದ್ದೆ ಮುಗಿಸಿ ಆಮೇಲೆ ಅನ್ನ ಸಾರು ಅನ್ನುವ ನಮ್ಮ ಪದ್ಧತಿಯೇ ಇಲ್ಲಿ ದೊಡ್ಡ ತೊಂದರೆ. ಮೊದಲು ಪಲ್ಯ ತಿಂದು, ಆಮೇಲೆ ಮುದ್ದೆ ಮುರಿದರೆ ಶುಗರ್ ಅಷ್ಟು ಜೋರಾಗಿ ಏರುವುದಿಲ್ಲ. ಹುರುಳಿ, ಹೆಸರುಕಾಳು, ಅಲಸಂದೆ, ಚಳಿಗಾಲದಲ್ಲಿ ಅವರೆ, ಯಾವುದಾದರೂ ಸರಿ. ಬಿ.ಪಿ. ಇದ್ದರೆ ಉಪ್ಸಾರಿನಲ್ಲಿ ಉಪ್ಪು, ಖಾರದ ಉಂಡೆ ಎರಡೂ ನೋಡಿಕೊಂಡು ಹಾಕಿ. ಕಿಡ್ನಿ ತೊಂದರೆ ಇದ್ದರೆ ಕಾಳಿನ ಪ್ರಮಾಣ ಡಾಕ್ಟರನ್ನೇ ಕೇಳಬೇಕು.

ಬೆಳಗ್ಗೆ ಚಿತ್ರಾನ್ನಕ್ಕಿಂತ ಹೆಸರುಕಾಳು ದೋಸೆ ಅಥವಾ ಸೊಪ್ಪು ಜಾಸ್ತಿ ಹಾಕಿದ ರಾಗಿ ರೊಟ್ಟಿ ಒಳ್ಳೆಯದು. ಸೀಬೆಹಣ್ಣು ಕೊಡಬಹುದು, ಜ್ಯೂಸ್ ಬೇಡ.

ಎಷ್ಟು ಮುದ್ದೆ ಅನ್ನುವುದಕ್ಕೆ ಗ್ಲೂಕೋಮೀಟರ್ ಉತ್ತರ ಕೊಡುತ್ತದೆ. ಊಟ ಶುರು ಮಾಡಿ ಎರಡು ಗಂಟೆ ಆದ ಮೇಲೆ ನೋಡಿ. ಸಾಮಾನ್ಯವಾಗಿ 180ರ ಒಳಗಿದ್ದರೆ ಸರಿ ಅನ್ನುತ್ತಾರೆ, ವಯಸ್ಸಾದವರಿಗೆ ಗುರಿ ಬೇರೆ ಇರಬಹುದು. ಮೀರುತ್ತಿದ್ದರೆ ಮುದ್ದೆ ಇನ್ನಷ್ಟು ಚಿಕ್ಕದಾಗಲಿ.

ಆದರೆ ಒಂದೇ ಸಲ ಊಟ ಕಡಿತ ಮಾಡಬೇಡಿ. ಕೆಲವು ಮಾತ್ರೆಗಳಲ್ಲಿ, ಇನ್ಸುಲಿನ್‌ನಲ್ಲಿ, ಊಟ ತಪ್ಪಿದರೆ ಶುಗರ್ ತೀರಾ ಇಳಿದುಬಿಡುತ್ತದೆ. ಶನಿವಾರದ ಉಪವಾಸ ಮಾಡುವವರಾದರೆ ಮೊದಲೇ ಡಾಕ್ಟರಿಗೆ ಹೇಳಿ. ಬೆವರು, ಕೈ ನಡುಕ, ತಲೆಸುತ್ತು ಬಂದು 70ಕ್ಕಿಂತ ಕಡಿಮೆ ತೋರಿಸಿದರೆ, ಎಚ್ಚರವಿದ್ದಾಗಲೇ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.